ಒಂದು ಬಾಗಿಲಿನಷ್ಟು ದೂರ

ನಿಂತ ಕಾರಿನಿಂದ ಯಾರಿಗೂ ಅಪಾಯವಿಲ್ಲ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ರಸ್ತೆಯಲ್ಲಿ ಹೆದರಬೇಕಾದದ್ದು ಓಡುವ ಗಾಡಿಗೆ, ಅದರಲ್ಲೂ ಬಸ್ಸು, ಲಾರಿ, ಟಿಪ್ಪರ್‌ಗಳಿಗೆ. ಮಕ್ಕಳಿಗೆ ಸೈಕಲ್ ಕಲಿಸುವಾಗ ಮನೆಯವರು ಹೇಳುವ ಮೊದಲ ಮಾತೂ ಇದರಿಂದಲೇ ಹುಟ್ಟಿದ್ದು: ‘ಎಡಕ್ಕೇ ಹೋಗು, ಆದಷ್ಟು ಎಡಕ್ಕೆ.’ ಮಕ್ಕಳು ಹಾಗೇ ಕಲಿಯುತ್ತಾರೆ, ದೊಡ್ಡವರಾದ ಮೇಲೂ ಹಾಗೇ ತುಳಿಯುತ್ತಾರೆ. ಆದರೆ ಬೆಂಗಳೂರಿನ ಬಡಾವಣೆಗಳಲ್ಲಿ, ಮೈಸೂರು, ಹುಬ್ಬಳ್ಳಿಯ ಪೇಟೆಬೀದಿಗಳಲ್ಲಿ ಇವತ್ತು ರಸ್ತೆಯ ಎಡ ಅಂಚೆಂದರೆ ಸಾಲಾಗಿ ನಿಂತ ಕಾರುಗಳು. ಆ ಸಾಲಿಗೆ ಅಂಟಿಕೊಂಡು ಹೋಗುವವರ ಎದುರು ಯಾವ ಗಳಿಗೆಯಲ್ಲಾದರೂ ಒಂದು ಬಾಗಿಲು ತೆರೆದುಕೊಳ್ಳಬಹುದು. ಹಾರ್ನ್ ಇಲ್ಲ, ಇಂಡಿಕೇಟರ್ ಇಲ್ಲ, ಎಂಜಿನ್ ಸದ್ದೂ ಇಲ್ಲ. ಸುರಕ್ಷಿತ ಎಂದು ಹೇಳಿಕೊಟ್ಟ ಜಾಗದಲ್ಲೇ ಈ ಪೆಟ್ಟು ಕಾದಿರುತ್ತದೆ.

ಇದು ನಡೆಯುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮಲ್ಲಿ ವಾಹನಗಳು ಓಡುವುದು ರಸ್ತೆಯ ಎಡಬದಿಯಲ್ಲಿ, ಚಾಲಕ ಕೂರುವುದು ಕಾರಿನ ಬಲಬದಿಯಲ್ಲಿ. ಹಾಗಾಗಿ ಎಡ ಅಂಚಿಗೆ ಕಾರು ನಿಲ್ಲಿಸಿದರೆ ಚಾಲಕನ ಬಾಗಿಲು ತೆರೆಯುವುದು ಜನ ಓಡಾಡುವ ರಸ್ತೆಗೇ. ಪೂರ್ತಿ ತೆರೆದ ಬಾಗಿಲು ಹತ್ತಿರಹತ್ತಿರ ಒಂದು ಮೀಟರ್ ಹೊರಗೆ ಚಾಚಿಕೊಳ್ಳುತ್ತದೆ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ, ಅಂದರೆ ಯಾವ ಅವಸರವೂ ಇಲ್ಲದೆ ಹೋಗುವ ಸೈಕಲ್ ಒಂದು ಸೆಕೆಂಡಿಗೆ ಐದು ಮೀಟರ್ ಸಾಗುತ್ತದೆ. ಕಣ್ಣು ಕಂಡು, ತಲೆಗೆ ಹೊಳೆದು, ಬೆರಳು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಇನ್ನೂ ಮೂರು ಮೀಟರ್ ಬೇಕು. ಒಟ್ಟು ಎಂಟು ಮೀಟರ್ ಅಂದರೆ ಎರಡು ಕಾರಿನ ಉದ್ದ. ಬಾಗಿಲು ತೆರೆದುಕೊಳ್ಳಲು ಒಂದು ಸೆಕೆಂಡೂ ಬೇಡ. ಎದುರಿನ ಕಾರಿನ ಬಾಗಿಲೇ ತೆರೆದರೆ ಎಷ್ಟೇ ಚುರುಕಾದ ಸವಾರನಿಗೂ ಅದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ‘ನೋಡ್ಕೊಂಡು ಬರ್ಬಾರ್ದಾ?’ ಎಂದು ಕಾರಿನವರು ಕೇಳುವ ಪ್ರಶ್ನೆಗೆ ಈ ಲೆಕ್ಕವೇ ಉತ್ತರ. ಗಂಟೆಗೆ 40 ಕಿಲೋಮೀಟರ್ ವೇಗದ ಸ್ಕೂಟರಿನವರಾದರೆ ಬ್ರೇಕಿಗೆ ಕೈ ಹೋಗುವ ಮುಂಚೆಯೇ 11 ಮೀಟರ್ ದಾಟಿರುತ್ತಾರೆ.

ಮತ್ತೂ ಕ್ರೂರವಾದದ್ದು ಬೀಳುವ ದಿಕ್ಕು. ಸಾಮಾನ್ಯವಾಗಿ ಬಾಗಿಲಿನ ಅಂಚಿಗೆ ತಗಲುವುದು ಹ್ಯಾಂಡಲ್ಲಿನ ಎಡ ತುದಿ. ಆ ತುದಿ ಅಲ್ಲೇ ತಡೆದು ನಿಲ್ಲುತ್ತದೆ, ಸೈಕಲ್ಲಿನ ಉಳಿದ ಭಾಗ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಮುಂಚಕ್ರ ಥಟ್ಟನೆ ಎಡಕ್ಕೆ ಹೊರಳುತ್ತದೆ, ಸವಾರನ ಮೈ ಬಲಕ್ಕೆ ಎಸೆಯಲ್ಪಡುತ್ತದೆ. ಬಲಕ್ಕೆ ಎಂದರೆ ರಸ್ತೆಯ ನಡುವಿಗೆ, ಹಿಂದಿನಿಂದ ಬರುತ್ತಿರುವ ಗಾಡಿಯ ಮುಂದಕ್ಕೆ. ಇಂಥ ಘಟನೆಗಳಲ್ಲಿ ಪ್ರಾಣ ತೆಗೆಯುವುದು ಹೆಚ್ಚಾಗಿ ಈ ಎರಡನೆಯ ವಾಹನ. ಹಿಂದೆ ಬಸ್ಸೋ ನೀರಿನ ಟ್ಯಾಂಕರೋ ಇದ್ದರೆ ಅದರ ಚಾಲಕನಿಗೂ ನಿಲ್ಲಿಸಲು ಜಾಗವಿರುವುದಿಲ್ಲ. ಕೆಲವು ಸಲ ಬಾಗಿಲಿಗೆ ಏನೂ ತಗಲಿಯೇ ಇರುವುದಿಲ್ಲ. ತೆರೆದದ್ದನ್ನು ಕಂಡು ಗಾಬರಿಯಿಂದ ಬಲಕ್ಕೆ ತಿರುಗಿಸಿದವರು ಹಿಂದಿನ ಗಾಡಿಗೆ ಸಿಕ್ಕಿರುತ್ತಾರೆ. ಕಾರಿನ ಮೇಲೆ ಒಂದು ಗೀರೂ ಇರುವುದಿಲ್ಲ. ಜನ ಸೇರುವುದು ಬಸ್ಸಿನ ಸುತ್ತ. ಬಾಗಿಲು ತೆಗೆದವರ ಪಾತ್ರ ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ಪೊಲೀಸ್ ದೂರಿನಲ್ಲೂ ಸೇರುವುದಿಲ್ಲ.

ಬಲಬದಿಯದಷ್ಟೇ ಕಥೆಯಲ್ಲ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದು ಗಾಡಿಗಳು ನಿಂತಿರುತ್ತವೆ. ಕ್ಯಾಬಿನಲ್ಲಿ ಕೂತವರು ಹೋಗಬೇಕಾದ ಆಫೀಸು ಅಲ್ಲೇ ಎದುರಿಗಿರುತ್ತದೆ. ‘ಇಲ್ಲೇ ಇಳ್ಕೋತೀನಿ’ ಎಂದವರೇ ಎಡಬಾಗಿಲು ತಳ್ಳುತ್ತಾರೆ. ಕಾರಿಗೂ ಫುಟ್‌ಪಾತಿಗೂ ನಡುವೆ ಉಳಿದ ಕಿರಿದಾದ ಸಂದಿಯಲ್ಲಿ ಸೈಕಲ್ಲು, ಸ್ಕೂಟರುಗಳು ಮುಂದೆ ಸರಿಯುತ್ತಿರುತ್ತವೆ. ಎಡಗಡೆ ಇಳಿಯುವುದೇ ಸುರಕ್ಷಿತ ಎಂಬ ಮಾತು ಕಾರು ಅಂಚಿಗೆ ಸೇರಿ ನಿಂತಾಗ ಮಾತ್ರ ನಿಜ. ರಸ್ತೆಯ ನಡುವೆ ನಿಂತ ಕಾರಿಗೆ ಯಾವ ಬದಿಯೂ ಸುರಕ್ಷಿತವಲ್ಲ.

ಇದು ಎಷ್ಟು ಸಲ ನಡೆಯುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಸರಿಯಾದ ಉತ್ತರ ಸಿಗುವುದು ಕಷ್ಟ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದವರು. ಡಿಕ್ಕಿಗಳನ್ನು ಮುಖಾಮುಖಿ, ಹಿಂದಿನಿಂದ, ಪಕ್ಕದಿಂದ, ನಿಂತ ವಾಹನಕ್ಕೆ ಎಂದೆಲ್ಲ ವಿಂಗಡಿಸುತ್ತಾರೆ. ಬಾಗಿಲಿನಿಂದಾದ ಪೆಟ್ಟು ಇವುಗಳಲ್ಲಿ ಯಾವುದೋ ಒಂದರಲ್ಲಿ ಕರಗಿಹೋಗುತ್ತದೆ. ‘ನಿಂತ ವಾಹನಕ್ಕೆ ಡಿಕ್ಕಿ’ ಎಂದು ಬರೆದರಂತೂ ತಪ್ಪೆಲ್ಲ ಡಿಕ್ಕಿ ಹೊಡೆದವರದೇ ಎಂಬಂತೆ ಓದಿಸಿಕೊಳ್ಳುತ್ತದೆ. ಈ ಕುರುಡುತನ ನಮ್ಮದೊಂದೇ ಅಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಸಾರಿಗೆ ಇಲಾಖೆ 2011ರವರೆಗೂ ಇಂಥವನ್ನು ರಸ್ತೆ ಅಪಘಾತದ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಕಾರು ಚಲಿಸುತ್ತಿರಲಿಲ್ಲ ಎಂಬುದೇ ಕಾರಣ. ಷಿಕಾಗೊ ನಗರದ ಸೈಕಲ್ ಸವಾರರು ಇದನ್ನು ಪ್ರಶ್ನಿಸಿದ ಮೇಲೆ ನಿಯಮ ಬದಲಾಯಿತು, ಲೆಕ್ಕ ಶುರುವಾಯಿತು. ಲೆಕ್ಕ ಸಿಕ್ಕ ಮೇಲೆ, 2013ರಲ್ಲಿ, ಷಿಕಾಗೊ ಇಂಥ ಡಿಕ್ಕಿಗೆ ದಂಡವನ್ನು 1,000 ಡಾಲರಿಗೆ ಏರಿಸಿತು. ನಮ್ಮಲ್ಲಿಯೂ ಅಪಘಾತದ ವಿವರ ತುಂಬುವ ಪೊಲೀಸ್ ನಮೂನೆಯಲ್ಲಿ ‘ವಾಹನದ ಬಾಗಿಲು ತೆರೆದದ್ದರಿಂದ’ ಎಂಬ ಒಂದು ಸಾಲು ಬೇಕು. ಎಣಿಸದ ಸಾವಿಗಾಗಿ ಯಾವ ಇಲಾಖೆಯೂ ಹಣ ತೆಗೆದಿಡುವುದಿಲ್ಲ, ಯಾವ ಎಂಜಿನಿಯರೂ ನಕ್ಷೆ ಬದಲಿಸುವುದಿಲ್ಲ.

ಹಾಗಾದರೆ ಸೈಕಲ್ ತುಳಿಯುವವರು ಏನು ಮಾಡಬೇಕು? ಮೊದಲ ಉತ್ತರ ದೂರ. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರದಲ್ಲಿ ಸಾಗಬೇಕು. ಬ್ರಿಟನ್ನಿನ ಹೆದ್ದಾರಿ ಸಂಹಿತೆ, ಅಂದರೆ ‘ಹೈವೇ ಕೋಡ್’, ಹೇಳುವುದೂ ಇದನ್ನೇ: ಒಂದು ಬಾಗಿಲಿನ ಅಗಲ ಅಥವಾ ಒಂದು ಮೀಟರ್. ನನ್ನ ಅನುಭವದಲ್ಲಿ ಒಂದು ಮೀಟರ್ ಕನಿಷ್ಠ. ಆ ಅಳತೆಯಲ್ಲಿ ಹೋದರೂ ಹ್ಯಾಂಡಲ್ಲಿನ ತುದಿ ಬಾಗಿಲಿನ ಅಂಚಿಗೆ ಹತ್ತಿರವೇ ಇರುತ್ತದೆ. ಹಾಗಾಗಿ ಕಾರಿನಿಂದ ಹ್ಯಾಂಡಲ್ಲಿನ ಎಡ ತುದಿಗೆ ಒಂದು ಮೀಟರ್ ಎಂದು ಅಳೆದುಕೊಳ್ಳುವುದು ಒಳ್ಳೆಯದು. ಇಷ್ಟು ದೂರ ಹೋದ ಕೂಡಲೇ ಇನ್ನೊಂದು ಕಷ್ಟ ಎದುರಾಗುತ್ತದೆ. ಹಿಂದಿನ ಕಾರಿನವರ ದಾರಿಗೆ ನಾವು ಬಂದಿರುತ್ತೇವೆ. ಹಾರ್ನ್ ಶುರುವಾಗುತ್ತದೆ. ಕಿಟಕಿ ಇಳಿಸಿ ‘ಎಡಕ್ಕೆ ಹೋಗಯ್ಯಾ, ರಸ್ತೆ ನಿಮ್ಮಪ್ಪಂದಾ?’ ಎನ್ನುವವರಿಗೂ ಕೊರತೆಯಿಲ್ಲ. ಎಡಕ್ಕೆ ಏಕೆ ಹೋಗುತ್ತಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ. ಹೊಸಬರು ಈ ಹಾರ್ನಿಗೆ ಬೆದರಿ ಮತ್ತೆ ಕಾರುಗಳ ಪಕ್ಕಕ್ಕೆ ಸರಿಯುತ್ತಾರೆ. ಕಾರುಗಳ ನಡುವಿನ ಖಾಲಿ ಜಾಗಕ್ಕೆ ಒಳನುಗ್ಗಿ ಮತ್ತೆ ಹೊರಬರುತ್ತಾರೆ. ಇದು ಇನ್ನೂ ಅಪಾಯ. ಹಿಂದಿನವರಿಗೆ ಒಮ್ಮೆ ಕಾಣುತ್ತಾರೆ, ಒಮ್ಮೆ ಕಾಣುವುದಿಲ್ಲ. ನೇರವಾಗಿ, ಒಂದೇ ಗೆರೆಯಲ್ಲಿ, ಕಾಣುವ ಹಾಗೆ ಹೋಗುವುದೇ ಸರಿ. ಹಾರ್ನ್ ಹೊಡೆಯುವವರು ನಮ್ಮನ್ನು ಕಂಡಿದ್ದಾರೆ ಎಂದಾದರೂ ಧೈರ್ಯ ಇರುತ್ತದೆ. ಜಾಗ ತೀರ ಕಿರಿದಾಗಿದ್ದು ದೂರ ಇಟ್ಟುಕೊಳ್ಳಲು ಆಗದಿದ್ದರೆ ಉಳಿಯುವುದು ವೇಗ ತಗ್ಗಿಸುವ ದಾರಿಯೊಂದೇ. ನಡಿಗೆಯ ವೇಗಕ್ಕೆ ಇಳಿದರೆ ಬಾಗಿಲು ತಗಲಿದರೂ ಬೀಳುವ ಪೆಟ್ಟು ಅಷ್ಟಾಗಿ ಇರುವುದಿಲ್ಲ.

ಎರಡನೆಯದು, ನಿಂತ ಕಾರುಗಳನ್ನು ಓದುವುದು. ಇದನ್ನು ನಿತ್ಯ ತುಳಿಯುವವರು ತಮಗೆ ತಾವೇ ಕಲಿತಿರುತ್ತಾರೆ. ಬ್ರೇಕ್ ದೀಪ ಈಗತಾನೇ ಆರಿದ್ದರೆ ಬಾಗಿಲು ತೆರೆಯುವ ಸಮಯ ಹತ್ತಿರ. ಒಳಗಿನ ಸಣ್ಣ ದೀಪ ಹೊತ್ತಿಕೊಂಡಿದ್ದರೆ ಯಾರೋ ಇಳಿಯುವವರಿದ್ದಾರೆ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ನಿಂತ ಕ್ಯಾಬು ಎಂದರೆ ಯಾರೋ ಹತ್ತುತ್ತಾರೆ ಅಥವಾ ಇಳಿಯುತ್ತಾರೆ. ಹೊಸ ಕಾರುಗಳಲ್ಲಿ ಅನೇಕವಕ್ಕೆ ಬೀಗ ಹಾಕಿದ ಕೂಡಲೇ ಪಕ್ಕದ ಕನ್ನಡಿಗಳು ತಾವಾಗಿ ಮಡಚಿಕೊಳ್ಳುತ್ತವೆ. ಮಡಚಿದ ಕನ್ನಡಿಯ ಕಾರಿನಲ್ಲಿ ಸಾಮಾನ್ಯವಾಗಿ ಜನ ಇರುವುದಿಲ್ಲ. ಬಿಚ್ಚಿದ ಕನ್ನಡಿ ಕಂಡರೆ ಎಚ್ಚರ ಬೇಕು. ಆ ಕನ್ನಡಿಯಲ್ಲಿ ಚಾಲಕರ ಮುಖ ಕಂಡರೆ ಅವರಿಗೂ ನಾವು ಕಾಣಬಹುದು, ಆದರೆ ಅವರು ನೋಡುತ್ತಿದ್ದಾರೆ ಎಂದು ಅದರ ಅರ್ಥವಲ್ಲ. ಎಲ್ಲಕ್ಕಿಂತ ಮುಖ್ಯ, ಹಿಂದಿನ ಗಾಜಿನ ಮೂಲಕ ಸೀಟಿನ ಮೇಲೆ ತಲೆ ಕಾಣುತ್ತಿದೆಯೇ ಎಂದು ನೋಡುವುದು. ಕಪ್ಪು ಗಾಜು ನಮಗೆ ಮಾಡುವ ಕೇಡು ಇಲ್ಲಿದೆ. ಮುಂದಿನ, ಹಿಂದಿನ ಗಾಜು ಕನಿಷ್ಠ ಶೇ 70ರಷ್ಟು, ಪಕ್ಕದ ಗಾಜು ಶೇ 50ರಷ್ಟು ಬೆಳಕು ಬಿಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮವಿದೆ. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಅಂಟಿಸುವುದನ್ನು ತಡೆದಿತ್ತು. ಆ ತೀರ್ಪು ಬಂದದ್ದು ಕಾರಿನೊಳಗೆ ನಡೆಯುವ ಅಪರಾಧಗಳ ಚಿಂತೆಯಿಂದ. ಸೈಕಲ್ ತುಳಿಯುವವರಿಗೆ ಅದರ ಉಪಯೋಗ ಬೇರೆಯೇ ಇದೆ: ಒಳಗೆ ಜನ ಇದ್ದಾರೆಯೇ ಎಂದು ತಿಳಿಯುತ್ತದೆ.

ಬೆಲ್ ಹೊಡೆಯಬಹುದಲ್ಲ ಎಂದು ಹೇಳುವವರಿದ್ದಾರೆ. ಗಾಜು ಏರಿಸಿ, ಏಸಿ ಹಾಕಿ, ಫೋನಿನಲ್ಲಿ ಮಾತಾಡುತ್ತ ಕೂತವರಿಗೆ ಸೈಕಲ್ ಬೆಲ್ ಕೇಳಿಸುವುದಿಲ್ಲ. ಕಿರುಚಿದರೆ ಕೇಳಿಸೀತು. ಬಾಗಿಲು ಅಲುಗಿದ್ದು ಕಂಡ ಕೂಡಲೇ ಗಟ್ಟಿಯಾಗಿ ‘ಡೋರ್!’ ಎಂದು ಕೂಗುವುದರಲ್ಲಿ ನಾಚಿಕೆ ಪಡುವುದೇನೂ ಇಲ್ಲ.

ತಪ್ಪಿಸಿಕೊಂಡ ಮೇಲೆ ಬರುವ ಸಿಟ್ಟಿನ ಬಗ್ಗೆ ಒಂದು ಮಾತು. ಎದೆ ಢವಢವ ಎನ್ನುತ್ತಿರುತ್ತದೆ, ಕೈ ನಡುಗುತ್ತಿರುತ್ತದೆ. ಆಗ ಬಾಯಿಗೆ ಬರುವುದು ಒಳ್ಳೆಯ ಮಾತಲ್ಲ. ಕಾರಿನ ಬಾನೆಟ್ಟಿಗೆ ಗುದ್ದಿದವರನ್ನೂ ಕಂಡಿದ್ದೇನೆ. ಅಲ್ಲಿಗೆ ವಿಷಯ ಬಾಗಿಲಿನಿಂದ ಬಾನೆಟ್ಟಿಗೆ ಹೋಗುತ್ತದೆ, ತಪ್ಪು ಮಾಡಿದವರೇ ದೂರುದಾರರಾಗುತ್ತಾರೆ. ನನಗೆ ಫಲ ಕೊಟ್ಟಿರುವುದು ಸೈಕಲ್ಲನ್ನು ಬದಿಗೆ ನಿಲ್ಲಿಸಿ, ಉಸಿರು ಹಿಡಿತಕ್ಕೆ ಬಂದ ಮೇಲೆ ಆಡುವ ಮಾತು. ‘ಅಣ್ಣಾ, ಇಳಿಯೋ ಮುಂಚೆ ಒಂದ್ಸಲ ಹಿಂದೆ ನೋಡಿ. ನಾನು ಬಿದ್ದಿದ್ರೆ ಹಿಂದೆ ಬಸ್ಸಿತ್ತು.’ ಬಸ್ಸಿನ ಮಾತು ಎತ್ತಿದಾಗ ಎಂಥವರೂ ಒಮ್ಮೆ ಹಿಂತಿರುಗಿ ನೋಡುತ್ತಾರೆ. ಬಾಗಿಲು ತೆಗೆದರೆ ಗೀರು ಬೀಳಬಹುದು, ಹೆಚ್ಚೆಂದರೆ ಮೊಣಕೈ ತರಚಬಹುದು ಎಂದು ಅವರು ಅಂದುಕೊಂಡಿರುತ್ತಾರೆ. ಸಾವಿನ ಸಾಧ್ಯತೆ ಅವರಿಗೆ ಹೊಳೆದಿರುವುದೇ ಇಲ್ಲ. ಬಹಳಷ್ಟು ಜನ ‘ಸಾರಿ, ನೋಡ್ಲಿಲ್ಲ’ ಎನ್ನುತ್ತಾರೆ. ಅದು ಮನಸಾರೆ ಹೇಳಿದ ಮಾತೇ ಇರುತ್ತದೆ. ಆದರೆ ನೋಡದೆ ಬಾಗಿಲು ತೆಗೆಯುವುದೇ ಇಲ್ಲಿಯ ತಪ್ಪು, ಅದರಾಚೆಗೆ ಬೇರೆ ತಪ್ಪಿಲ್ಲ.

ನೋಡುವುದನ್ನು ಅಭ್ಯಾಸ ಮಾಡಿಸುವ ಒಂದು ಸರಳ ಉಪಾಯವಿದೆ. ಮನೆಯ ಬಾಗಿಲು ತೆಗೆಯುವಷ್ಟೇ ಸಹಜವಾಗಿ ನಾವು ಕಾರಿನ ಬಾಗಿಲನ್ನು ಹತ್ತಿರದ ಕೈಯಿಂದ ತೆಗೆಯುತ್ತೇವೆ. ಚಾಲಕರಾದರೆ ಬಲಗೈ. ಹಾಗೆ ತೆಗೆಯುವಾಗ ಮೈ ಮುಂದಕ್ಕೇ ಮುಖ ಮಾಡಿರುತ್ತದೆ, ಕಣ್ಣು ಡ್ಯಾಷ್‌ಬೋರ್ಡಿನ ಮೇಲೋ ಫೋನಿನ ಮೇಲೋ ಇರುತ್ತದೆ. ಅದರ ಬದಲು ದೂರದ ಕೈಯಿಂದ ತೆಗೆದು ನೋಡಿ. ಬಲಬದಿಯ ಬಾಗಿಲನ್ನು ಎಡಗೈಯಿಂದ, ಎಡಬದಿಯ ಬಾಗಿಲನ್ನು ಬಲಗೈಯಿಂದ. ಕೈ ಎದೆಯನ್ನು ದಾಟಿ ಹೋಗಬೇಕಾದ್ದರಿಂದ ಭುಜ ತಿರುಗುತ್ತದೆ, ಭುಜದ ಜೊತೆ ಕುತ್ತಿಗೆ. ಕಣ್ಣು ಮೊದಲು ಪಕ್ಕದ ಕನ್ನಡಿಯ ಮೇಲೆ, ಆಮೇಲೆ ಕಿಟಕಿಯಾಚೆ, ಕೊನೆಗೆ ಹಿಂದಿನ ರಸ್ತೆಗೆ ಹೋಗುತ್ತದೆ. ಕನ್ನಡಿಯೊಂದನ್ನೇ ನಂಬಿದರೆ ಸಾಲದು. ಅದರಲ್ಲಿ ಕಾಣದ ಮೂಲೆಯೊಂದು ಇದ್ದೇ ಇರುತ್ತದೆ, ಕಾರಿಗಿಂತ ಕಿರಿದಾದ ಸೈಕಲ್ ಆ ಮೂಲೆಯಲ್ಲಿ ಪೂರ್ತಿ ಅಡಗಿಬಿಡುತ್ತದೆ. ಜೊತೆಗೆ, ಎದೆಯ ಮೇಲೆ ಹಾದುಹೋದ ಕೈಗೆ ಬಾಗಿಲನ್ನು ಒಂದೇ ಏಟಿಗೆ ಪೂರ್ತಿ ತಳ್ಳುವ ಬಲ ಇರುವುದಿಲ್ಲ. ಬಾಗಿಲು ಮೊದಲು ನಾಲ್ಕು ಬೆರಳಿನಷ್ಟು ತೆರೆಯುತ್ತದೆ. ಬರುತ್ತಿರುವವರಿಗೆ ಆ ನಾಲ್ಕು ಬೆರಳಿನ ಸಂದೇ ಮುನ್ಸೂಚನೆ.

ಈ ಕ್ರಮಕ್ಕೆ ‘ಡಚ್ ರೀಚ್’ ಎಂಬ ಹೆಸರಿದೆ. ಸೈಕಲ್ಲುಗಳ ನಾಡಾದ ನೆದರ್‌ಲೆಂಡ್ಸ್‌ನಲ್ಲಿ ಇಳಿಯುವ ಮುನ್ನ ತಿರುಗಿ ನೋಡುವುದನ್ನು ಚಾಲನೆ ಕಲಿಸುವಾಗಲೇ ರೂಢಿ ಮಾಡಿಸುತ್ತಾರೆ. ಅದಕ್ಕೆ ಹೆಸರು ಅಂಟಿಸಿ ಜಗತ್ತಿಗೆ ಹಂಚಿದವರು ಮಾತ್ರ ಅಮೆರಿಕದ ಮ್ಯಾಸಚೂಸೆಟ್ಸ್‌ನ ನಿವೃತ್ತ ವೈದ್ಯ ಮೈಕೆಲ್ ಚಾರ್ನಿ. 2016ರ ಜೂನ್‌ನಲ್ಲಿ ಅಲ್ಲಿನ ಕೇಂಬ್ರಿಜ್ ಪಟ್ಟಣದಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಯುವತಿಯೊಬ್ಬಳು ತೆರೆದ ಬಾಗಿಲಿಗೆ ಸಿಕ್ಕು, ಮತ್ತೊಂದು ವಾಹನಕ್ಕೆ ಆಹುತಿಯಾದಳು. ಆ ಸಾವಿನ ನಂತರ ಚಾರ್ನಿ ಈ ಅಭ್ಯಾಸದ ಪ್ರಚಾರಕ್ಕೆ ನಿಂತರು. ಮರುವರ್ಷ ಮ್ಯಾಸಚೂಸೆಟ್ಸ್‌ನ ಚಾಲಕರ ಕೈಪಿಡಿಯಲ್ಲಿ ಅದು ಸೇರಿತು, ಆಮೇಲೆ ಇಲಿನಾಯ್ ರಾಜ್ಯದ ಕೈಪಿಡಿಯಲ್ಲಿ. 2022ರ ಜನವರಿ 29ರಿಂದ ಬ್ರಿಟನ್ನಿನ ಹೆದ್ದಾರಿ ಸಂಹಿತೆಯ 239ನೇ ನಿಯಮವೂ ಸಾಧ್ಯವಾದಲ್ಲಿ ಬಾಗಿಲಿಗೆ ವಿರುದ್ಧ ಬದಿಯ ಕೈಯನ್ನೇ ಬಳಸಿ ಎನ್ನುತ್ತದೆ. ದುಡ್ಡು ಬೇಡ, ಉಪಕರಣ ಬೇಡ, ಸರ್ಕಾರದ ಆದೇಶವೂ ಬೇಡ. ಒಂದೆರಡು ವಾರ ಬೇಕೆಂದೇ ಮಾಡಿದರೆ ಕೈಗೆ ತಾನಾಗಿ ರೂಢಿಯಾಗುತ್ತದೆ. ರಸ್ತೆ ಸುರಕ್ಷತೆಯಲ್ಲಿ ಇಷ್ಟು ಅಗ್ಗದ, ಇಷ್ಟು ಫಲಕಾರಿಯಾದ ಇನ್ನೊಂದು ಉಪಾಯ ನನಗೆ ಕಂಡಿಲ್ಲ.

ಬ್ರಿಟನ್ನಿನಲ್ಲಿ ಈ ವಿಷಯ ಜನರ ಬಾಯಿಗೆ ಬರಲು ಒಬ್ಬ ಮಂತ್ರಿಯೂ ಕಾರಣರಾದರು. 2016ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸಂಸತ್ ಭವನದ ಹೊರಗೆ ಸರ್ಕಾರಿ ಕಾರಿನ ಬಾಗಿಲು ತೆರೆದು ಸೈಕಲ್ ಸವಾರನೊಬ್ಬ ಕೆಳಗೆ ಬಿದ್ದ. ಕಾರಿನಿಂದ ಇಳಿದವರು ಸಾರಿಗೆ ಸಚಿವ ಕ್ರಿಸ್ ಗ್ರೇಲಿಂಗ್. ಇನ್ನೊಬ್ಬ ಸೈಕಲ್ ಸವಾರರ ಕ್ಯಾಮೆರಾದಲ್ಲಿ ಅದು ದಾಖಲಾಗಿ, ಡಿಸೆಂಬರ್‌ನಲ್ಲಿ ಎಲ್ಲರೂ ನೋಡಿದರು. ಅದೇ ವರ್ಷ ಲೆಸ್ಟರ್ ನಗರದ ರೈಲು ನಿಲ್ದಾಣದ ಬಳಿ ಟ್ಯಾಕ್ಸಿಯ ಪ್ರಯಾಣಿಕರೊಬ್ಬರು ಬಾಗಿಲು ತೆಗೆದದ್ದರಿಂದ ಯುವ ಶಿಕ್ಷಕನೊಬ್ಬ ಪ್ರಾಣ ಕಳೆದುಕೊಂಡ. ನ್ಯಾಯಾಲಯ ಪ್ರಯಾಣಿಕರ ಜೊತೆಗೆ ಟ್ಯಾಕ್ಸಿ ಚಾಲಕನನ್ನೂ ತಪ್ಪಿತಸ್ಥ ಎಂದಿತು. ಬ್ರಿಟನ್ನಿನ 1986ರ ನಿಯಮ ಬಾಗಿಲು ತೆಗೆಯುವುದರ ಜೊತೆಗೆ ತೆಗೆಯಲು ಬಿಡುವುದನ್ನೂ ಅಪರಾಧವೆನ್ನುತ್ತದೆ. ಆದರೆ ಗರಿಷ್ಠ ದಂಡ ಒಂದು ಸಾವಿರ ಪೌಂಡ್, ಜೈಲಿಲ್ಲ. ಒಂದು ಜೀವಕ್ಕೆ ಇಷ್ಟೇನಾ ಎಂದು ಅಲ್ಲಿನ ಜನ ಕೇಳಿದ್ದು ನ್ಯಾಯವಾಗಿಯೇ ಇದೆ.

ನಮ್ಮ ಕಾನೂನು ಈ ಒಂದು ವಿಷಯದಲ್ಲಿ ಬ್ರಿಟನ್ನಿಗಿಂತ ಗಟ್ಟಿಯಾಗಿದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ‘ನಾನು ಓಡಿಸ್ತಾನೇ ಇರ್ಲಿಲ್ಲ, ಗಾಡಿ ಆಫ್ ಆಗಿತ್ತು’ ಎನ್ನುವುದು ಕಾರಿನವರ ಸಾಮಾನ್ಯ ವಾದ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಅಜಾಗರೂಕ ಚಾಲನೆಯ ಬಗ್ಗೆ ಮಾತಾಡುತ್ತದೆ, ಅದಕ್ಕೆ ಈ ವಾದ ಒಂದಿಷ್ಟು ತಾಗೀತು. ಆದರೆ 125ನೇ ಕಲಮಿನಲ್ಲಿ ಚಾಲನೆಯ ಮಾತೇ ಇಲ್ಲ. ಇತರರ ಜೀವಕ್ಕೆ ಅಥವಾ ಸುರಕ್ಷತೆಗೆ ಅಪಾಯ ತರುವ ಯಾವುದೇ ನಿರ್ಲಕ್ಷ್ಯದ ಕೃತ್ಯವೂ ಅದರೊಳಗೆ ಬರುತ್ತದೆ. ಗಾಯವಾದರೆ ಆರು ತಿಂಗಳವರೆಗೆ, ಗಂಭೀರ ಗಾಯವಾದರೆ ಮೂರು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ. ಸಾವು ಸಂಭವಿಸಿದರೆ 106ನೇ ಕಲಂ, ಐದು ವರ್ಷದವರೆಗೆ. ಬಾಗಿಲು ತೆಗೆದವರು ಚಾಲಕರೇ ಆಗಬೇಕೆಂದೂ ಇಲ್ಲ, ಹಿಂದಿನ ಸೀಟಿನಲ್ಲಿ ಕೂತವರಿಗೂ ಇದು ಅನ್ವಯಿಸುತ್ತದೆ. ಇನ್ನು ಅಪಾಯವಾಗುವ ಜಾಗದಲ್ಲಿ, ಅಪಾಯವಾಗುವ ಸ್ಥಿತಿಯಲ್ಲಿ ಗಾಡಿ ನಿಲ್ಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 122ನೇ ಕಲಂ ನಿಷೇಧಿಸುತ್ತದೆ. ಕಾನೂನಿಗಿಂತ ಕೊರತೆ ಇರುವುದು ಅದನ್ನು ಬಳಸುವವರಲ್ಲಿ.

ಪರಿಹಾರದ ವಿಷಯದಲ್ಲಿಯೂ ‘ನಿಂತಿತ್ತು’ ಎಂಬ ವಾದ ನಿಲ್ಲುವುದಿಲ್ಲ. ಇದಕ್ಕೆ ಆಧಾರವಾದ ಒಂದು ತೀರ್ಪು ನಮ್ಮ ಕಡೆಗೆ ಬರುತ್ತಿದ್ದ ಟ್ಯಾಂಕರಿನದೇ. 1987ರಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ, ಸಾತಾರಾ ಜಿಲ್ಲೆಯಲ್ಲಿ, ಪೆಟ್ರೋಲ್ ಟ್ಯಾಂಕರೊಂದು ಟ್ರಕ್ಕಿಗೆ ಡಿಕ್ಕಿಯಾಗಿ ರಸ್ತೆ ಬದಿಗೆ ಉರುಳಿತು. ಕೆಲವು ಗಂಟೆಗಳ ನಂತರ, ಅದು ಬಿದ್ದಲ್ಲೇ ಬಿದ್ದಿದ್ದಾಗ ಸ್ಫೋಟಿಸಿ ಹಲವರು ಸತ್ತರು. ವಾಹನ ಆಗ ಬಳಕೆಯಲ್ಲೇ ಇರಲಿಲ್ಲ ಎಂದು ವಾದಿಸಲಾಯಿತು. ವಾಹನದ ‘ಬಳಕೆ’ ಎಂಬುದು ಅದು ಚಲಿಸುತ್ತಿರುವ ಹೊತ್ತಿಗಷ್ಟೇ ಸೀಮಿತವಲ್ಲ, ನಿಂತಿರುವ ಹೊತ್ತೂ ಅದರಲ್ಲಿ ಸೇರುತ್ತದೆ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದೇ ತರ್ಕದಲ್ಲಿ, ನಿಂತ ಕಾರಿನ ಬಾಗಿಲಿನಿಂದ ಬಿದ್ದವರೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಪ್ರತಿ ಕಾರಿಗೂ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ, ಅದು ಇರುವುದೇ ಇಂಥವರಿಗಾಗಿ. 2019ರ ತಿದ್ದುಪಡಿ ಅರ್ಜಿ ಹಾಕಲು ಆರು ತಿಂಗಳ ಗಡುವು ತಂದಿದೆ, ಅದರೊಳಗೆ ಹಾಕಿಬಿಡುವುದು ಕ್ಷೇಮ.

ಅದಕ್ಕಾಗಿಯೇ ಬಿದ್ದ ಸ್ಥಳದಲ್ಲಿ ಮಾಡುವ ಕೆಲಸಗಳು ಮುಖ್ಯ. ಮೊದಲು ರಸ್ತೆಯಿಂದ ಬದಿಗೆ ಬರಬೇಕು. ಕಾರಿನ ನಂಬರು, ತೆರೆದೇ ಇರುವ ಬಾಗಿಲು, ಸೈಕಲ್ ಬಿದ್ದ ಜಾಗ ಇವನ್ನು ಫೋನಿನಲ್ಲಿ ಹಿಡಿಯಬೇಕು. ನಮ್ಮ ಕೈಲಿ ಆಗದಿದ್ದರೆ ಪಕ್ಕದ ಅಂಗಡಿಯವರನ್ನು ಕೇಳಿದರೆ ತೆಗೆದುಕೊಡುತ್ತಾರೆ, ಅವರಂಗಡಿಯ ಸಿಸಿಟಿವಿ ಕೂಡ ಆಮೇಲೆ ನೆರವಿಗೆ ಬರುತ್ತದೆ. 112ಕ್ಕೆ ಕರೆ ಮಾಡಿದರೆ ಪೊಲೀಸರು, 108ಕ್ಕೆ ಮಾಡಿದರೆ ಆಂಬುಲೆನ್ಸ್. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವ, ಪೊಲೀಸರಿಗೆ ತಿಳಿಸುವ ಹೊಣೆಯನ್ನು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಚಾಲಕನ ಮೇಲೆಯೇ ಹೊರಿಸಿದೆ. ಐನೂರು ರೂಪಾಯಿ ಕೈಗಿತ್ತು ಹೋಗುವವರಿಗೆ ಇದನ್ನು ನೆನಪಿಸಬೇಕು. ತಲೆಗೆ ಪೆಟ್ಟು ಬಿದ್ದಿದ್ದರೆ, ಆ ಹೊತ್ತಿಗೆ ಏನೂ ಅನಿಸದಿದ್ದರೂ ವೈದ್ಯರನ್ನು ಕಾಣಲೇಬೇಕು. ಬಿದ್ದ ಗಾಬರಿಯಲ್ಲಿ ನೋವು ತಿಳಿಯುವುದಿಲ್ಲ. ‘ಪರವಾಗಿಲ್ಲ, ಹೋಗಿ ಸರ್’ ಎಂದು ಕಳಿಸಿಬಿಟ್ಟು, ರಾತ್ರಿ ಮಣಿಕಟ್ಟು ಊದಿಕೊಂಡಾಗ ಒದ್ದಾಡುವವರು ಎಷ್ಟೋ ಜನ.

ಬೆಂಗಳೂರಿನಲ್ಲಿ ಸೈಕಲ್ಲಿಗೆ ಬೇರೆಯೇ ದಾರಿ ಮಾಡುವ ಪ್ರಯತ್ನಗಳೂ ನಡೆದಿವೆ. ಜಯನಗರದಲ್ಲಿ ಪಥ ಗುರುತಿಸಿದರು, ಅದರ ಮೇಲೆ ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಪಥ ಬೇರ್ಪಡಿಸಿದರು, ಅದೂ ಉಳಿಯಲಿಲ್ಲ. ಒಂದು ಪಾಠವಂತೂ ಸ್ಪಷ್ಟ. ಕಾರು ನಿಲ್ಲುವ ಸಾಲಿಗೆ ತಾಗಿದಂತೆ ಬಣ್ಣ ಬಳಿದು ಸೈಕಲ್ ಪಥ ಎಂದರೆ ಅದು ಸವಾರರನ್ನು ನೇರವಾಗಿ ಬಾಗಿಲಿನ ಬಾಯಿಗೆ ಕಳಿಸುತ್ತದೆ. ನೆದರ್‌ಲೆಂಡ್ಸ್‌ನಲ್ಲಿ ಪಥಕ್ಕೂ ನಿಲ್ಲುವ ಕಾರುಗಳಿಗೂ ನಡುವೆ ಒಂದು ಖಾಲಿ ಪಟ್ಟಿ ಬಿಡುತ್ತಾರೆ, ಬಾಗಿಲು ತೆರೆದರೆ ಆ ಪಟ್ಟಿಯೊಳಗೆ ತೆರೆಯುತ್ತದೆ. ಆ ಪಟ್ಟಿಗೆ ಜಾಗವಿಲ್ಲ ಎನ್ನುವ ರಸ್ತೆಯಲ್ಲಿ ಕಾರು ನಿಲ್ಲಿಸುವುದಕ್ಕೂ ಜಾಗವಿಲ್ಲ ಎಂದೇ ನಾನು ತಿಳಿಯುತ್ತೇನೆ.

ಸೈಕಲ್ ಎಂದಾಗ ಹೆಲ್ಮೆಟ್ ತೊಟ್ಟು, ಬಣ್ಣದ ಜೆರ್ಸಿ ಹಾಕಿ, ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಹೊರಟವರ ಚಿತ್ರ ಈಚೆಗೆ ಬರುತ್ತದೆ. ನಾನು ಹೆಚ್ಚು ಚಿಂತಿಸುವುದು ಬೇರೆಯವರ ಬಗ್ಗೆ. ನಸುಕಿನಲ್ಲಿ ಪೇಪರ್ ಹಾಕುವ ಹುಡುಗರು, ಹಿಂದೆ ಹಾಲಿನ ಕ್ಯಾನು ಕಟ್ಟಿದವರು, ರಾತ್ರಿ ಪಾಳಿ ಮುಗಿಸಿ ಬರುವ ಸೆಕ್ಯುರಿಟಿ ಗಾರ್ಡುಗಳು, ಕಟ್ಟಡದ ಕೆಲಸಕ್ಕೆ ಹೋಗುವ ಗಾರೆಯವರು. ಇವರಿಗೆ ಹೆಲ್ಮೆಟ್ ಇಲ್ಲ, ಹಿಂದಿನ ದೀಪ ಇಲ್ಲ, ಕ್ಯಾಮೆರಾ ಇಲ್ಲ. ಬಿದ್ದರೆ ಒಂದು ದಿನದ ಕೂಲಿ ಹೋಗುತ್ತದೆ ಎಂದು ಎದ್ದು ಮುಂದೆ ಹೋಗುತ್ತಾರೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಾ ಬಂದ ವರ್ಷಗಳಲ್ಲಿ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಬಿಡದೆ ಓದಿದರು. ಅವರು ತುಳಿದದ್ದು ಊರನ್ನು ಸೀಳಿಕೊಂಡು ಹೋಗುವ ಹೆದ್ದಾರಿಯ ಅಂಚಿನಲ್ಲಿ. ಬೇಕರಿ, ಎಳನೀರಿನ ಗಾಡಿ ಕಂಡಲ್ಲಿ ಕಾರುಗಳು ಥಟ್ಟನೆ ನಿಲ್ಲುವುದು ಅದೇ ಅಂಚಿನಲ್ಲಿ. ಕಾಲು ನೆಲಕ್ಕೆ ಸರಿಯಾಗಿ ಎಟುಕದ ಹುಡುಗಿಗೆ ಬಾಗಿಲಿನಿಂದ ಒಂದು ಮೀಟರ್ ದೂರ ಹೋಗು ಎಂದರೆ ಲಾರಿಯ ಪಕ್ಕಕ್ಕೆ ಹೋಗು ಎಂದಂತೆ. ಅಲ್ಲಿ ಹೊಣೆ ಪೂರ್ತಿಯಾಗಿ ಕಾರಿನೊಳಗಿನವರದು.

ಆ ಹೊಣೆಯನ್ನು ಎಲ್ಲಿ ಕಲಿಸಬೇಕು? ಡ್ರೈವಿಂಗ್ ಸ್ಕೂಲಿನಲ್ಲಿ, ಆರ್‌ಟಿಒ ಪರೀಕ್ಷೆಯಲ್ಲಿ. ಕ್ಲಚ್ಚು, ಗೇರು, ರಿವರ್ಸ್, ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತುವುದು ಇವನ್ನೆಲ್ಲ ಕಲಿಸುತ್ತಾರೆ. ಕಾರು ನಿಂತ ಕೂಡಲೇ ಪಾಠ ಮುಗಿಯುತ್ತದೆ. ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರು ಎಂಜಿನ್ ಆಫ್ ಆದ ಮೇಲೆ ಇನ್ನೊಂದು ನಿಮಿಷ ಕೂತು, ಅಭ್ಯರ್ಥಿ ಯಾವ ಕೈಯಿಂದ ಬಾಗಿಲು ತೆಗೆದ, ಹಿಂದೆ ನೋಡಿದನೇ ಎಂದು ಗಮನಿಸಿ ಅಂಕ ಹಾಕಲಿ. ಒಂದೇ ವರ್ಷದಲ್ಲಿ ಪ್ರತಿ ಡ್ರೈವಿಂಗ್ ಸ್ಕೂಲೂ ಅದನ್ನು ಕಲಿಸಲು ಶುರುಮಾಡುತ್ತದೆ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 24ನೇ ವಿಧಿ ಇತರರಿಗೆ ಅಪಾಯವಿಲ್ಲ ಎಂದು ಖಚಿತಪಡಿಸಿಕೊಳ್ಳದೆ ಬಾಗಿಲು ತೆರೆಯುವುದನ್ನು, ತೆರೆದೇ ಬಿಡುವುದನ್ನು, ಇಳಿಯುವುದನ್ನು ಮೂರನ್ನೂ ನಿಷೇಧಿಸುತ್ತದೆ. ಆ ಒಂದು ವಾಕ್ಯವನ್ನು ಕನ್ನಡದಲ್ಲಿ ಲರ್ನರ್ ಲೈಸೆನ್ಸಿನ ಪ್ರಶ್ನೆಯಾಗಿಸಿದರೂ ಸಾಕು. ಹಿಂದಿನಿಂದ ಬರುವವರನ್ನು ರಾಡಾರಿನಿಂದ ಗುರುತಿಸಿ ಇಳಿಯುವವರನ್ನು ಎಚ್ಚರಿಸುವ ಕಾರುಗಳು ಬಂದಿವೆ ನಿಜ. ಆದರೆ ನಮ್ಮ ರಸ್ತೆಯಲ್ಲಿರುವ ಬಹುಪಾಲು ಕಾರುಗಳಿಗೆ ಅದು ಇಲ್ಲ, ಇನ್ನೂ ಎಷ್ಟೋ ವರ್ಷ ಇರುವುದೂ ಇಲ್ಲ.

ಕ್ಯಾಬುಗಳ ವಿಷಯದಲ್ಲಿ ಅಷ್ಟು ಕಾಯಬೇಕಾದ್ದೂ ಇಲ್ಲ. ಅಲ್ಲಿ ಇಳಿಯುವವರು ಚಾಲಕರಲ್ಲ, ಪ್ರತಿ ಸಲವೂ ಹೊಸಬರು. ಅವರಿಗೆಲ್ಲ ಪಾಠ ಹೇಳುವುದು ಆಗದ ಕೆಲಸ. ನಮ್ಮ ಹಾಗೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುವ ಜಪಾನಿನಲ್ಲಿ ಟ್ಯಾಕ್ಸಿಯ ಹಿಂದಿನ ಎಡಬಾಗಿಲನ್ನು ತೆರೆಯುವುದು, ಮುಚ್ಚುವುದು ಚಾಲಕರೇ, ತಮ್ಮ ಸೀಟಿನಲ್ಲೇ ಕೂತು ಒಂದು ಲಿವರಿನಿಂದ. 1964ರ ಟೋಕಿಯೊ ಒಲಿಂಪಿಕ್ಸ್ ಹೊತ್ತಿಗೆ ಅದು ಅಲ್ಲಿ ವ್ಯಾಪಕವಾಗಿ ಹರಡಿತು. ಹಿಂದೆ ಯಾರು ಬರುತ್ತಿದ್ದಾರೆ ಎಂದು ಕನ್ನಡಿಯಲ್ಲಿ ನೋಡುವವರ ಕೈಯಲ್ಲೇ ಬಾಗಿಲೂ ಇರುತ್ತದೆ. ನ್ಯೂಯಾರ್ಕ್‌ನಲ್ಲಿ 2012ರಲ್ಲಿ ಟ್ಯಾಕ್ಸಿಗಳ ಒಳಗೆ, ಇಳಿಯುವವರ ಕಣ್ಣಿಗೆ ಬೀಳುವ ಹಾಗೆ, ಸೈಕಲ್ ಸವಾರರನ್ನು ನೋಡಿ ಇಳಿಯಿರಿ ಎಂಬ ಸ್ಟಿಕರ್ ಅಂಟಿಸಿದರು.

ನಮ್ಮಲ್ಲಿ ಇದಕ್ಕಿಂತ ಸುಲಭದ ದಾರಿಯೊಂದನ್ನು ಕೆಲವು ಕ್ಯಾಬ್ ಚಾಲಕರು ತಾವೇ ಕಂಡುಕೊಂಡಿದ್ದಾರೆ. ಕಾರಿನ ಹಿಂದಿನ ಬಾಗಿಲುಗಳ ಅಂಚಿನಲ್ಲಿ ಚೈಲ್ಡ್ ಲಾಕ್ ಎಂಬ ಪುಟ್ಟ ಸನ್ನೆ ಇರುತ್ತದೆ. ಅದನ್ನು ಒತ್ತಿಟ್ಟರೆ ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಹೊರಗಿನಿಂದ ಮಾತ್ರ ತೆರೆಯುತ್ತದೆ. ಬಲಬದಿಯ ಬಾಗಿಲಿಗೆ ಮಾತ್ರ ಅದನ್ನು ಹಾಕಿಟ್ಟುಕೊಂಡು, ಎಡಗಡೆಯಿಂದಲೇ ಇಳಿಸುವವರನ್ನು ನಾನು ನೋಡಿದ್ದೇನೆ. ‘ಬಲಗಡೆ ತೆಗೀಬೇಡಿ ಮೇಡಂ, ಗಾಡಿಗಳು ಬರ್ತವೆ. ಸ್ವಲ್ಪ ಮುಂದೆ ಸೈಡಿಗೆ ಹಾಕ್ತೀನಿ, ಎಡಗಡೆ ಇಳ್ಕೊಳ್ಳಿ’ ಎನ್ನುತ್ತಾರೆ. ಕೆಲವು ಪ್ರಯಾಣಿಕರು ಗೊಣಗುತ್ತಾರೆ, ಆ್ಯಪಿನಲ್ಲಿ ಸ್ಟಾರ್ ಕಡಿಮೆ ಕೊಡುತ್ತಾರೆ. ಹೆಣ್ಣುಮಕ್ಕಳಿಗೆ ಒಳಗಿನಿಂದ ತೆರೆಯದ ಬಾಗಿಲು ಅಳುಕು ಹುಟ್ಟಿಸುವುದೂ ಸಹಜ. ಹಾಗಾಗಿ ಬಲಬಾಗಿಲಿಗೆ ಮಾತ್ರ ಏಕೆ ಲಾಕ್ ಹಾಕಿದೆ, ಎಡಬಾಗಿಲು ಯಾವಾಗಲೂ ಒಳಗಿನಿಂದ ತೆರೆಯುತ್ತದೆ ಎಂದು ಸೀಟಿನ ಹಿಂದೆ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆದು ಅಂಟಿಸಬೇಕು. ಆ ಸ್ಟಿಕರನ್ನು ಅಚ್ಚು ಹಾಕಿಸುವುದು ಕ್ಯಾಬ್ ಕಂಪನಿಗಳ ಕೆಲಸ, ಹಾಕಿಸುವಂತೆ ಹೇಳುವುದು ಸಾರಿಗೆ ಇಲಾಖೆಯ ಕೆಲಸ. ಸೈಡಿಗೆ ಹಾಕುವವರೆಗೆ ಅರ್ಧ ನಿಮಿಷ ಕೂತಿರುವುದು ನಮ್ಮ ನಿಮ್ಮ ಕೆಲಸ.